‘ಐ’ ಬರಿ, ‘ಮಿ’ ಅಂದವರನ್ನು ತಿದ್ದಬೇಡ

ಮೊಮ್ಮಗಳೇ,

ಲಿಂಗಸುಗೂರಿನ ಕೋಚಿಂಗ್ ಕ್ಲಾಸಿನಲ್ಲಿ ‘ಇಟ್ ಈಸ್ ಐ’ ಸರಿ ಅಂದರಂತೆ, ಸಿನಿಮಾದವರೆಲ್ಲ ‘ಇಟ್ಸ್ ಮಿ’ ಅಂತಾರೆ, ಯಾವುದನ್ನು ಬರೆಯಲಿ ಅಂತ ಕೇಳಿದ್ದೀ. ವ್ಯಾಕರಣದ ಪ್ರಶ್ನೆಯಾದರೆ ಕಣ್ಣುಮುಚ್ಚಿ ‘ಐ’ ಬರಿ.

ಕಾರಣ ಕೇಳು. ‘ಶಿ ಕಾಲ್ಡ್ ಮಿ’ ಅಂದಾಗ ಕರೆದವಳು ಒಬ್ಬಳು, ಕರೆಸಿಕೊಂಡವಳು ಇನ್ನೊಬ್ಬಳು. ಅದಕ್ಕೇ ದ್ವಿತೀಯಾ ವಿಭಕ್ತಿಯ ‘ಮಿ’. ‘ಈಸ್’, ‘ವಾಸ್’ಗಳಲ್ಲಿ ಯಾರೂ ಯಾರಿಗೂ ಏನೂ ಮಾಡುವುದಿಲ್ಲ. ಕ್ರಿಯಾಪದದ ಆಚೆ ಇರುವವರೇ ಈಚೆಯೂ ಇದ್ದಾರೆ, ವಿಭಕ್ತಿಯೂ ಒಂದೇ. ಇದನ್ನು ನೀನು ಹೊಸದಾಗಿ ಕಲಿಯಬೇಕಾಗಿಲ್ಲ. ‘ಬಂದವಳು ನಾನೇ’ ಅಂತೀಯೇ ಹೊರತು ‘ಬಂದವಳು ನನ್ನನ್ನೇ’ ಅಂತೀಯೇನು? ನಮಗೆ ನಡುವೆ ಕ್ರಿಯಾಪದವೂ ಬೇಡ. ‘ಇಟ್ ವಾಸ್ ಹಿ ಹೂ ಕೇಮ್’ ಅನ್ನುವುದೂ ‘ಬಂದವನು ಅವನೇ’ ಅಷ್ಟೇ.

ವಿಭಕ್ತಿ ಒಂದೇ ಆದರೆ ಏನು ತಿಳಿಯುತ್ತದೆ ಅನ್ನುವುದಕ್ಕೆ, ಮಸ್ಕಿಗೆ ಹೋದಾಗ ಅಶೋಕನ ಶಾಸನದ ಬಂಡೆ ನೋಡಿ ಬಾ. 1915ರಲ್ಲಿ ಅದನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು, ಅಶೋಕ ಎಂಬ ಹೆಸರಿರಲಿಲ್ಲ. ಮಸ್ಕಿಯ ಪ್ರಾಕೃತದಲ್ಲಿ ‘ದೇವಾನಂಪಿಯಸ ಅಸೋಕಸ’ ಅಂತ ಎರಡೂ ಅಕ್ಕಪಕ್ಕ ನಿಂತಿವೆ, ಎರಡಕ್ಕೂ ಷಷ್ಠಿಯ ಅದೇ ‘ಸ’. ಬಿರುದೂ ಹೆಸರೂ ಒಬ್ಬನದೇ ಅನ್ನುವುದಕ್ಕೆ ಇನ್ನೇನು ಬೇಕು! ವಿಭಕ್ತಿಯನ್ನು ಒಣ ವಿಷಯ ಅನ್ನುವವರನ್ನು ಅಲ್ಲಿಗೆ ಕರೆದೊಯ್ಯಬೇಕು.

ಮತ್ತೆ ಇಂಗ್ಲಿಷಿಗೆ ಬಂದರೆ, ಒಂದು ಕಡೆ ಎಡವುತ್ತೀ, ನೋಡಿಕೋ. ‘ಐ ಥಾಟ್ ಇಟ್ ಟು ಬಿ ಹಿಮ್’ ಅನ್ನುವಲ್ಲಿ ‘ಹಿಮ್’ ಸರಿ. ಅಲ್ಲಿ ‘ಇಟ್’ ಎಂಬುದೇ ‘ಥಾಟ್’ನ ಕರ್ಮ, ಅದು ದ್ವಿತೀಯೆಯಲ್ಲಿದ್ದರೆ ಇದೂ ದ್ವಿತೀಯೆಯಲ್ಲೇ.

‘ಈಸ್’, ‘ವಾಸ್’ಗಳಾದಮೇಲೆ ಪ್ರಥಮಾ ವಿಭಕ್ತಿಯೇ ಬರಬೇಕೆಂದು 1762ರಲ್ಲೇ ರಾಬರ್ಟ್ ಲೌತ್ ತನ್ನ ವ್ಯಾಕರಣದಲ್ಲಿ ಬರೆದ. ಲ್ಯಾಟಿನ್ ಕಲಿತ ಪಾದ್ರಿ, ಆ ಶಿಸ್ತು ಅವನಿಗೆ ಸಹಜ. ಇಂಗ್ಲೆಂಡಿನ ಜನರ ಬಾಯಿ ಮಾತ್ರ ಪುಸ್ತಕದ ಮಾತು ಕೇಳಲಿಲ್ಲ. ಅವರು ‘ಇಟ್ ಈಸ್ ಮಿ’ ಅನ್ನತೊಡಗಿ ಶತಮಾನಗಳೇ ಆದವು. ನನ್ನನ್ನು ಕೇಳಿದರೆ ಮಾತಿಗೆ ಅದೇ ಸರಿ. ಆಡುಮಾತಿನಲ್ಲಿ ‘ಇಟ್ ಈಸ್ ಐ’ ಅಂದರೆ ನಾಟಕದ ರಾಜನ ಪ್ರವೇಶವಾದಂತಿರುತ್ತದೆ.

ಆದ್ದರಿಂದ ಉತ್ತರಪತ್ರಿಕೆಯಲ್ಲಿ ‘ಐ’ ಇರಲಿ. ಹಾಸ್ಟೆಲಿನ ಬಾಗಿಲು ತಟ್ಟಿ ಗೆಳತಿ ‘ಇಟ್ಸ್ ಮಿ’ ಅಂದರೆ ಸುಮ್ಮನೆ ಬಾಗಿಲು ತೆಗಿ ತಾಯಿ, ತಿದ್ದಲು ಹೋಗಬೇಡ.

ನಿನ್ನ ತಾತ