ವೈಟ್‌ಹಾಲ್ ಬೀದಿಯಿಂದ ಬರ್ಫರ್ಡ್ ಚರ್ಚಿಗೆ

ಲಂಡನ್ನಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದ ನಮ್ಮವರು ಬಿಗ್ ಬೆನ್ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಅರಮನೆಯ ಕಾವಲಿನವರನ್ನು ನೋಡಿಕೊಂಡು ಸಂಜೆಗೆ ಮನೆ ಸೇರುತ್ತಾರೆ. ಆ ಗಡಿಯಾರದಿಂದ ಒಂದು ಕಿಲೋಮೀಟರಿನೊಳಗೆ, ಪ್ರಜೆಗಳೇ ತಮ್ಮ ದೊರೆಯನ್ನು ಕಟಕಟೆಗೆ ತಂದ ಜಾಗವೂ ಇದೆ, ಅವನ ತಲೆ ಕಡಿದ ಜಾಗವೂ ಇದೆ. ಹತ್ತು ದಿನಕ್ಕೆ ಹೋಗುವವರು ಅದರಲ್ಲಿ ಮೂರು ದಿನವನ್ನು, ದೊರೆಗೂ ಪಾರ್ಲಿಮೆಂಟಿಗೂ ನಡುವೆ ನಡೆದ ಆ ಅಂತರ್ಯುದ್ಧದ ಜಾಡು ಹಿಡಿಯಲು ಎತ್ತಿಡಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ.

ಹೊರಡುವ ಮುಂಚೆ ತಿಳಿದಿರಬೇಕಾದ್ದು ಬಹಳವೇನಿಲ್ಲ. 1625ರಲ್ಲಿ ಪಟ್ಟಕ್ಕೆ ಬಂದ ಒಂದನೇ ಚಾರ್ಲ್ಸ್, ದೊರೆ ದೇವರಿಗೆ ಮಾತ್ರ ಉತ್ತರ ಕೊಡಬೇಕಾದವನು ಎಂದು ನಂಬಿದ್ದ. 1629ರಲ್ಲಿ ಪಾರ್ಲಿಮೆಂಟನ್ನು ಮನೆಗೆ ಕಳಿಸಿ ಹನ್ನೊಂದು ವರ್ಷ ಒಬ್ಬನೇ ಆಳಿದ. ತೆರಿಗೆಗೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕಿತ್ತು. ಅದಿಲ್ಲದೆ ದುಡ್ಡು ಹುಟ್ಟಿಸಲು ಹೊಸ ಹೊಸ ದಾರಿ ಹುಡುಕಿದ. ಕರಾವಳಿ ಊರುಗಳು ಹಡಗಿಗೆಂದು ಕೊಡುತ್ತಿದ್ದ ಹಣವನ್ನು ಸಮುದ್ರವನ್ನೇ ಕಾಣದ ಒಳನಾಡಿನವರಿಂದಲೂ ವಸೂಲಿ ಮಾಡಿದ. ನಮ್ಮ ಕಾರವಾರಕ್ಕೂ ಈ ಕಾಲದ ಒಂದು ಎಳೆ ತಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಗೆ ಮಾತ್ರ ಸಲ್ಲಬೇಕಿದ್ದ ಪೂರ್ವದ ವ್ಯಾಪಾರಕ್ಕೆ 1635ರಲ್ಲಿ ಚಾರ್ಲ್ಸ್ ಇನ್ನೊಂದು ಕೂಟಕ್ಕೂ ಪರವಾನಗಿ ಕೊಟ್ಟ. ಸರ್ ವಿಲಿಯಂ ಕೋರ್ಟೀನನ ಹೆಸರಿನ ಆ ಕೂಟವೇ 1638ರ ಸುಮಾರಿಗೆ ಕಾರವಾರದಲ್ಲಿ ಕೋಠಿ ತೆರೆದದ್ದು.

ಸ್ಕಾಟ್ಲೆಂಡಿನವರು ತಿರುಗಿಬಿದ್ದಾಗ ಯುದ್ಧದ ಖರ್ಚಿಗೆ ಗತಿಯಿಲ್ಲದೆ 1640ರಲ್ಲಿ ಪಾರ್ಲಿಮೆಂಟನ್ನು ಮತ್ತೆ ಕರೆಯಬೇಕಾಯಿತು. 1642ರ ಜನವರಿ 4ರಂದು ಐವರು ಸದಸ್ಯರನ್ನು ಹಿಡಿಯಲು ದೊರೆ ತಾನೇ ಶಸ್ತ್ರಧಾರಿಗಳೊಂದಿಗೆ ಸದನಕ್ಕೆ ನುಗ್ಗಿದ. ಅಷ್ಟರಲ್ಲಿ ಅವರು ಜಾಗ ಖಾಲಿ ಮಾಡಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ದೊರೆಯ ಯುದ್ಧದ ಬಾವುಟ ಏರಿತು. ದೊರೆ ಸದನಕ್ಕೆ ನುಗ್ಗಿದ್ದರ ನೆನಪಿಗೆ, ಇಂದಿಗೂ ಅಧಿವೇಶನ ಆರಂಭಿಸುವ ದಿನ ದೊರೆಯ ದೂತ ಬಂದರೆ, ಕಾಮನ್ಸ್ ಸಭೆ ಬಾಗಿಲನ್ನು ಅವನ ಮುಖದೆದುರೇ ಮುಚ್ಚುತ್ತದೆ.

ಮೊದಲ ದಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಿಂದ ಶುರು ಮಾಡಿ. ಒಳಗೆ ಸುತ್ತುವ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಬೇಕು. ಹೆಚ್ಚಾಗಿ ಶನಿವಾರ, ಇಲ್ಲವೇ ಸದನಕ್ಕೆ ರಜೆ ಇರುವ ದಿನಗಳಲ್ಲಿ ಸಿಗುತ್ತದೆ. ವಿಮಾನ ನಿಲ್ದಾಣದಂತೆಯೇ ತಪಾಸಣೆ ಇರುವುದರಿಂದ ಕೈಚೀಲ ಹಗುರವಾಗಿರಲಿ. ಒಳಗೆ ಕಾಲಿಟ್ಟವರೆಲ್ಲ ಮರದ ಛಾವಣಿ ನೋಡಲು ತಲೆ ಎತ್ತುತ್ತಾರೆ. ನೀವು ದಕ್ಷಿಣದ ಮೆಟ್ಟಿಲುಗಳ ಹತ್ತಿರ ಹೋಗಿ ನೆಲ ನೋಡಿ. ಯುದ್ಧದಲ್ಲಿ ಸೋತ ಚಾರ್ಲ್ಸ್ 1649ರ ಜನವರಿಯಲ್ಲಿ ವಿಚಾರಣೆಗೆ ಕೂತಿದ್ದ ಜಾಗಕ್ಕೆ ಒಂದು ಹಿತ್ತಾಳೆ ಫಲಕ ಕೂರಿಸಿದ್ದಾರೆ. ಅವನು ಟೋಪಿ ತೆಗೆಯಲಿಲ್ಲ. ಯಾವ ಅಧಿಕಾರದಿಂದ ನನ್ನನ್ನು ವಿಚಾರಿಸುತ್ತೀರಿ ಎಂದು ಕೇಳಿದನೇ ಹೊರತು ಆರೋಪಕ್ಕೆ ಉತ್ತರ ಕೊಡಲಿಲ್ಲ. ಮರಣದಂಡನೆಯ ಆಜ್ಞೆಗೆ 59 ಜನ ಸಹಿ ಹಾಕಿದರು.

ಹೊರಗೆ ಬಂದರೆ ಹಾಲ್‌ನ ಪಕ್ಕದಲ್ಲೇ ಕತ್ತಿ ಹಿಡಿದು, ತಲೆ ತಗ್ಗಿಸಿ ನಿಂತ, ಪಾರ್ಲಿಮೆಂಟಿನ ಸೇನಾನಾಯಕ ಆಲಿವರ್ ಕ್ರಾಮ್‌ವೆಲ್ಲನ ಪ್ರತಿಮೆ. 1899ರದು. ಐರ್ಲೆಂಡಿನಲ್ಲಿ ಅವನ ಸೈನ್ಯ ನಡೆಸಿದ ಕಗ್ಗೊಲೆಯನ್ನು ಮರೆಯದ ಐರಿಷ್ ಸದಸ್ಯರು ಅದಕ್ಕೆ ಸರ್ಕಾರದ ಹಣ ಕೊಡಗೊಡಲಿಲ್ಲ. ರಸ್ತೆಯಾಚೆಯ ಸೇಂಟ್ ಮಾರ್ಗರೆಟ್ ಚರ್ಚಿನ ಹೊರಗೋಡೆಯಲ್ಲಿ ಚಾರ್ಲ್ಸನ ಸಣ್ಣ ತಲೆ ಇದೆ, ಸೀಸದ್ದು. ಇಬ್ಬರೂ ಎದುರುಬದುರು.

ಅಲ್ಲಿಂದ ವೈಟ್‌ಹಾಲ್ ಬೀದಿಯಲ್ಲಿ ಹತ್ತು ನಿಮಿಷ ನಡೆದರೆ ಬ್ಯಾಂಕ್ವೆಟಿಂಗ್ ಹೌಸ್. ತನ್ನ ತಂದೆ ಸ್ವರ್ಗಕ್ಕೆ ಏರುವ ಚಿತ್ರವನ್ನು ಚಾರ್ಲ್ಸ್ ಇಲ್ಲಿನ ಛಾವಣಿಗೆ ರೂಬೆನ್ಸ್‌ನಿಂದ ಬರೆಯಿಸಿದ್ದ. 1649ರ ಜನವರಿ 30ರಂದು ಅದೇ ಛಾವಣಿಯ ಕೆಳಗೆ ನಡೆದು, ಹೊರಗೆ ಕಟ್ಟಿದ್ದ ವಧಾವೇದಿಕೆ ಹತ್ತಿದ. ಕೊರೆಯುವ ಚಳಿ. ನಡುಗಿದರೆ ಹೆದರಿದ ಎಂದಾರು ಎಂದು ಎರಡು ಅಂಗಿ ತೊಟ್ಟಿದ್ದ. ಕಟ್ಟಡ ರಿಪೇರಿಗೆಂದು ಆಗಾಗ ಬಹಳ ಕಾಲ ಮುಚ್ಚಿರುವುದುಂಟು. ಹೋಗುವ ಮುಂಚೆ ವಿಚಾರಿಸಿ. ಮುಚ್ಚಿದ್ದರೂ ನಷ್ಟವಿಲ್ಲ. ಬೀದಿಯಾಚೆಯ ಹಾರ್ಸ್ ಗಾರ್ಡ್ಸ್ ಗಡಿಯಾರದಲ್ಲಿ ಎರಡರ ಅಂಕಿಯ ಹತ್ತಿರ ಒಂದು ಕಪ್ಪು ಬೊಟ್ಟು ಹುಡುಕಿ. ಕೊಡಲಿ ಬಿದ್ದ ಹೊತ್ತಿನ ಗುರುತು ಅದು ಎನ್ನುತ್ತಾರೆ. ಜನವರಿಯಲ್ಲಿ ಹೋಗುವವರಿಗೆ, ತಿಂಗಳ ಕೊನೆಯ ಭಾನುವಾರ ಆ ಕಾಲದ ಸಿಪಾಯಿಗಳ ವೇಷ ತೊಟ್ಟವರು ಇಲ್ಲಿಗೆ ಮೆರವಣಿಗೆ ಬರುವುದು ಕಾಣಸಿಗುತ್ತದೆ.

ಇಲ್ಲಿಗೆ ದೊರೆಯ ಕತೆ ಮುಗಿಯುತ್ತದೆ, ಪ್ರವಾಸದ ಪುಸ್ತಕಗಳೂ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ನನಗೆ ದೊರೆಗಿಂತ, ಕ್ರಾಮ್‌ವೆಲ್ಲನಿಗಿಂತ, ಅವರಿಬ್ಬರ ನಡುವೆ ಸಿಕ್ಕಿಬಿದ್ದ ಸಿಪಾಯಿಗಳೇ ಮುಖ್ಯ. ಆದ್ದರಿಂದ ಎರಡನೇ ದಿನ ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಪಟ್ನಿ ಬ್ರಿಜ್ ನಿಲ್ದಾಣಕ್ಕೆ ಹೋಗಿ, ಇಳಿದು ಸೇತುವೆ ದಾಟಿ. ಆಚೆ ದಡದಲ್ಲೇ ಸೇಂಟ್ ಮೇರಿ ಚರ್ಚ್. 1647ರ ಅಕ್ಟೋಬರಿನಲ್ಲಿ ಗೆದ್ದ ಪಾರ್ಲಿಮೆಂಟ್ ಸೈನ್ಯದ ಅಧಿಕಾರಿಗಳೂ ಸಾಮಾನ್ಯ ಸಿಪಾಯಿಗಳ ಪ್ರತಿನಿಧಿಗಳೂ ಇಲ್ಲಿ ಒಟ್ಟಿಗೆ ಕೂತು, ಮುಂದೆ ದೇಶವನ್ನು ಯಾರು ಆಳಬೇಕು ಎಂದು ವಾದಿಸಿದರು. ಅತಿ ಬಡವನಿಗೂ ಬಾಳಲು ಒಂದು ಬಾಳಿದೆ, ತನ್ನ ಒಪ್ಪಿಗೆಯಿಲ್ಲದ ಸರ್ಕಾರಕ್ಕೆ ಅವನು ತಲೆಬಾಗಬೇಕಾಗಿಲ್ಲ ಎಂದವನು ಕರ್ನಲ್ ರೇನ್ಸ್‌ಬರೊ. ಜಮೀನು, ಆಸ್ತಿ ಇಲ್ಲದವನಿಗೆ ಮತ ಕೊಟ್ಟರೆ ನಾಳೆ ಆಸ್ತಿಯೇ ಉಳಿಯುವುದಿಲ್ಲ ಎಂದವನು ಕ್ರಾಮ್‌ವೆಲ್ಲನ ಅಳಿಯ ಐರ್ಟನ್. ಹೆಂಗಸರ ಮತದ ಮಾತು ಯಾರ ಬಾಯಲ್ಲೂ ಬರಲಿಲ್ಲ. ರೇನ್ಸ್‌ಬರೊನ ಮಾತನ್ನು ಈಗ ಚರ್ಚಿನೊಳಗೆ ಗೋಡೆಯ ಮೇಲೆ ಬರೆದಿದ್ದಾರೆ. ವಿಲಿಯಂ ಕ್ಲಾರ್ಕ್ ಎಂಬ ಗುಮಾಸ್ತ ಈ ವಾದವನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳದಿದ್ದರೆ ಅದು ನಮಗೆ ಸಿಗುತ್ತಲೇ ಇರಲಿಲ್ಲ. ಆಕ್ಸ್‌ಫರ್ಡಿನ ವೂಸ್ಟರ್ ಕಾಲೇಜಿನಲ್ಲಿದ್ದ ಆ ಕಾಗದಗಳು ಬೆಳಕಿಗೆ ಬರಲು 1890 ಆಗಬೇಕಾಯಿತು.

ಮೂರನೇ ದಿನ ಆಕ್ಸ್‌ಫರ್ಡಿನ ಮೂಲಕ ಬರ್ಫರ್ಡ್. ಪ್ಯಾಡಿಂಗ್ಟನ್‌ನಿಂದ ಆಕ್ಸ್‌ಫರ್ಡಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಯುದ್ಧದ ಕಾಲಕ್ಕೆ ದೊರೆಯ ರಾಜಧಾನಿ ಇದೇ. ಅವನು ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ, ರಾಣಿ ಮರ್ಟನ್ ಕಾಲೇಜಿನಲ್ಲಿ ಬಿಡಾರ ಹೂಡಿದ್ದರು. ಬೆಳಿಗ್ಗೆ ಅದನ್ನು ಮುಗಿಸಿ ಚೆಲ್ಟನಮ್ ಕಡೆಯ ಬಸ್ ಹಿಡಿಯಿರಿ. ಬರ್ಫರ್ಡಿನಲ್ಲಿ ರೈಲು ನಿಲ್ದಾಣವಿಲ್ಲ, ಬಸ್ಸುಗಳೂ ಕಡಿಮೆ. ಮೊದಲ ಸಲ ಭಾನುವಾರ ಹೋಗಿ ವಾಪಸಿಗೆ ಟ್ಯಾಕ್ಸಿ ಮಾಡಬೇಕಾಗಿ ಬಂತು. ನೀವು ವಾರದ ದಿನವೇ ಹೋಗಿ. ಮಧ್ಯಾಹ್ನದ ಊಟಕ್ಕೆ ಯಾವ ಪಬ್ಬಿನಲ್ಲಾದರೂ ಸಿಪ್ಪೆಸಮೇತ ಬೇಯಿಸಿದ ಆಲೂಗೆಡ್ಡೆ, ಮೇಲೆ ಚೀಸ್ ಸಿಗುತ್ತದೆ. ಚೀಲದಲ್ಲಿ ಒಂದಿಷ್ಟು ಚಟ್ನಿಪುಡಿ ಇದ್ದರೆ ಸಸ್ಯಾಹಾರಿಗೆ ಅಷ್ಟು ಸಾಕು.

ದೊರೆಯ ತಲೆ ಹೋಗಿ ನಾಲ್ಕು ತಿಂಗಳಾಗಿರಲಿಲ್ಲ. ಬಾಕಿ ಸಂಬಳ ಕೇಳಿ, ಐರ್ಲೆಂಡಿಗೆ ಹೋಗಿ ಹೋರಾಡುವುದಿಲ್ಲ ಎಂದು ಪಾರ್ಲಿಮೆಂಟಿನ ಸಿಪಾಯಿಗಳೇ ದಂಗೆ ಎದ್ದರು. ಕ್ರಾಮ್‌ವೆಲ್ ರಾತ್ರೋರಾತ್ರಿ ಬರ್ಫರ್ಡಿನ ಮೇಲೆ ಬಿದ್ದು ಸುಮಾರು 340 ಜನರನ್ನು ಅಲ್ಲಿನ ಚರ್ಚಿನಲ್ಲಿ ಕೂಡಿಹಾಕಿದ. ಒಳಗೆ ಹೋದವರು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿ. ತೊಟ್ಟಿಗೆ ಹೊದಿಸಿದ ಸೀಸದ ತಗಡಿನ ಮೇಲೆ ಚೂಪಾದ ಯಾವುದರಿಂದಲೋ ಗೀರಿದ ಅಕ್ಷರಗಳಿವೆ: ಆಂಟನಿ ಸೆಡ್ಲಿ, 1649, ಪ್ರಿಸ್ನರ್. ಕೈದಿ ಎಂಬ ಆ ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ನಾಳೆ ಬದುಕಿರುತ್ತೇನೋ ಇಲ್ಲವೋ ತಿಳಿಯದ ಒಬ್ಬ ಸಿಪಾಯಿ ಆ ತಗಡಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಗೀರಿದ್ದಾನೆ. ಇಡೀ ಯುದ್ಧದಲ್ಲಿ ನನ್ನನ್ನು ಇಷ್ಟು ತಟ್ಟಿದ್ದು ಬೇರೊಂದಿಲ್ಲ. ಎರಡು ಸಲ ಹೋಗಿ ನೋಡಿದ್ದೇನೆ.

ಮೇ 17ರಂದು ಮೂವರನ್ನು ಚರ್ಚಿನ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಹೊರಗೋಡೆಯ ಫಲಕದಲ್ಲಿ ಆ ಮೂವರ ಹೆಸರಿದೆ. ಮೇ ತಿಂಗಳಲ್ಲಿ ಹೋಗುವಿರಾದರೆ ಆ ದಿನದ ಆಸುಪಾಸಿನಲ್ಲಿ ಊರಲ್ಲಿ ನಡೆಯುವ ಲೆವೆಲರ್ಸ್ (ಸಮಾನ ಹಕ್ಕು ಕೇಳಿದ ಈ ಬಳಗದವರಿಗಿದ್ದ ಹೆಸರು) ದಿನದ ಸ್ಮರಣೆಗೆ ಹೊಂದಿಸಿಕೊಳ್ಳಿ.

ಇನ್ನೊಂದು ದಿನ ಮಿಕ್ಕಿದರೆ ಕಿಂಗ್ಸ್ ಕ್ರಾಸ್‌ನಿಂದ ನ್ಯೂಆರ್ಕ್‌ಗೆ ರೈಲು ಹತ್ತಿ. ಈ ಯುದ್ಧಕ್ಕೆಂದೇ 2015ರಲ್ಲಿ ತೆರೆದ ಮ್ಯೂಸಿಯಂ ಅಲ್ಲಿದೆ. ಮುತ್ತಿಗೆಯ ಕಾಲದಲ್ಲಿ ಮನೆಗಳ ಬೆಳ್ಳಿ ತಟ್ಟೆ ಕತ್ತರಿಸಿ ಮಾಡಿದ ವಜ್ರಾಕಾರದ ನಾಣ್ಯಗಳಿಗೆ ಆ ಊರು ಹೆಸರುವಾಸಿ. ಕೆಲವದರಲ್ಲಿ ತಟ್ಟೆಯ ಹಳೆಯ ಕೆತ್ತನೆ ಇನ್ನೂ ಉಳಿದಿದೆ. ನೇಸ್‌ಬಿಯಂಥ ರಣರಂಗಗಳನ್ನು ಕಾರಿಲ್ಲದವರು ಬಿಟ್ಟುಬಿಡಿ. 1645ರಲ್ಲಿ ದೊರೆಯ ಸೈನ್ಯ ಅಲ್ಲಿ ನುಚ್ಚುನೂರಾಯಿತು ನಿಜ, ಆದರೆ ಈಗ ಹೊಲ ಬಿಟ್ಟರೆ ನೋಡುವುದು ಕಡಿಮೆ.

ಬರ್ಫರ್ಡಿನಿಂದ ಹಿಂದಿರುಗುವಾಗ ಒಂದು ಎಚ್ಚರಿಕೆ. ಚರ್ಚ್ ಇರುವುದು ಹೊಳೆಯ ಬದಿಯ ತಗ್ಗಿನಲ್ಲಿ, ಆಕ್ಸ್‌ಫರ್ಡಿನ ಬಸ್ಸು ನಿಲ್ಲುವುದು ಏರಿನ ತುದಿಯ ಹೆದ್ದಾರಿಯಲ್ಲಿ. ಮಂಡಿನೋವಿನವರು ಜೊತೆಗಿದ್ದರೆ ಹತ್ತಲು ಅರ್ಧ ಗಂಟೆ ಇಟ್ಟುಕೊಳ್ಳಿ, ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಇಳಿಯುವಾಗಲೇ ಡ್ರೈವರನ್ನು ಕೇಳಿ ಬರೆದುಕೊಳ್ಳಿ.