ಟ್ರಾನ್ಸಿಸ್ಟರ್ ಬದಲಾದರೂ ಸರ್ಕ್ಯೂಟ್ ಕೈಕೊಡಬಾರದು

ಮಿನಿ ಪ್ರಾಜೆಕ್ಟ್ ತೋರಿಸಬೇಕಾದ ಹಿಂದಿನ ದಿನ ನಮ್ಮ ಮೈಕ್ ಆಂಪ್ಲಿಫೈಯರ್‌ನ ಬಿಸಿ547 ಟ್ರಾನ್ಸಿಸ್ಟರ್ ಸುಟ್ಟುಹೋಯಿತು. ಅದೇ ನಂಬರಿನ ಇನ್ನೊಂದನ್ನು ತಂದು ಬ್ರೆಡ್‌ಬೋರ್ಡ್‌ಗೆ ಹಾಕಿದೆವು. ಧ್ವನಿ ಒಡೆದು ಬಂತು. ಕನೆಕ್ಷನ್ ಎಲ್ಲಾ ಸರಿಯಾಗೇ ಇತ್ತು. ಹಾಗಾದ್ರೆ ತಪ್ಪೆಲ್ಲಿ?

ಡೇಟಾಶೀಟ್ ನೋಡಿದಾಗ ಗೊತ್ತಾಯ್ತು. ಬಿಸಿ547ರ ಕರೆಂಟ್ ಗೇನ್, ಅಂದರೆ ಬೀಟಾ, 110ರಿಂದ 800ರವರೆಗೆ ಎಷ್ಟಾದರೂ ಇರಬಹುದು. ಹಳೆಯದರ ಬೀಟಾ 200 ಇತ್ತು, ನಾವು ಅದನ್ನೇ ನಂಬಿ ಲೆಕ್ಕ ಹಾಕಿದ್ದೆವು. ಹೊಸದನ್ನು ಮಲ್ಟಿಮೀಟರ್‌ನಲ್ಲಿ ಅಳೆದರೆ 450!

ನಮ್ಮದು 12 ವೋಲ್ಟ್ ಸಪ್ಲೈ, ಕಲೆಕ್ಟರ್‌ಗೆ 2.7 ಕಿಲೋಓಮ್, ಬೇಸ್‌ಗೆ ಸಪ್ಲೈಯಿಂದ ನೇರವಾಗಿ 1.1 ಮೆಗಾಓಮ್. ಬೇಸ್ ಕರೆಂಟ್ ಸುಮಾರು 10.3 ಮೈಕ್ರೋಆಂಪ್. ಬೀಟಾ 200 ಆದರೆ ಕಲೆಕ್ಟರ್ ಕರೆಂಟ್ 2 ಮಿಲಿಆಂಪ್, ಕಲೆಕ್ಟರ್ ವೋಲ್ಟೇಜ್ 6.5ರ ಹತ್ತಿರ. ಚೆನ್ನಾಗಿದೆ. 450 ಆದರೆ 4.6 ಮಿಲಿಆಂಪ್ ಹರಿಯಬೇಕು. ಅಷ್ಟಕ್ಕೆ ರೆಸಿಸ್ಟರ್ ಮೇಲೆ 12.5 ವೋಲ್ಟ್ ಬೀಳಬೇಕು, ಸಪ್ಲೈ ಇರೋದೇ 12! ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಯಿತು.

ಈಗ ಬೇಸ್‌ಗೆ 47 ಮತ್ತು 10 ಕಿಲೋಓಮ್‌ಗಳ ಡಿವೈಡರ್, ಎಮಿಟರ್‌ಗೆ 680 ಓಮ್ ಹಾಕೋಣ. ಬೇಸ್ ಸುಮಾರು 2.1 ವೋಲ್ಟ್‌ನಲ್ಲಿ ನಿಲ್ಲುತ್ತದೆ. 0.7 ಕಳೆದರೆ ಎಮಿಟರ್‌ನಲ್ಲಿ 1.4. ಅದನ್ನು 680ರಿಂದ ಭಾಗಿಸಿದರೆ 2 ಮಿಲಿಆಂಪ್. ಈ ಲೆಕ್ಕದಲ್ಲಿ ಬೀಟಾ ಬರಲೇ ಇಲ್ಲ, ಗಮನಿಸಿದಿರಾ? ಕರೆಂಟ್ ಹೆಚ್ಚಲು ಹೊರಟರೆ ಎಮಿಟರ್ ವೋಲ್ಟೇಜ್ ಏರುತ್ತದೆ, ಬೇಸ್-ಎಮಿಟರ್ ನಡುವಿನ ವೋಲ್ಟೇಜ್ ಇಳಿಯುತ್ತದೆ, ಕರೆಂಟ್ ತಾನೇ ಹಿಂದೆ ಸರಿಯುತ್ತದೆ. ಇದೇ ನೆಗೆಟಿವ್ ಫೀಡ್‌ಬ್ಯಾಕ್. ಡಿವೈಡರ್‌ನ ಕರೆಂಟ್ ಬೇಸ್ ಕರೆಂಟಿನ ಹತ್ತು ಪಟ್ಟಾದರೂ ಇರಲಿ, ಅಷ್ಟು ಸಾಕು.

ಡಿವೈಡರ್ ಮೇಲೆ ಬೇಸ್‌ನ ಹೊರೆಯನ್ನೂ ಸೇರಿಸಿ ಲೆಕ್ಕ ಮಾಡಿದೆವು. ಬೀಟಾ 110 ಇದ್ದರೆ 1.85 ಮಿಲಿಆಂಪ್, 800 ಇದ್ದರೆ 2.03. ಬೀಟಾ ಏಳು ಪಟ್ಟು ಬದಲಾದರೂ ಕರೆಂಟ್ ಬದಲಾದದ್ದು ಶೇ. 10ರಷ್ಟು ಮಾತ್ರ.

ರೆಸಿಸ್ಟರ್‌ಗಳೂ ನಿಖರವಲ್ಲ, ಚಿನ್ನದ ಪಟ್ಟಿ ಅಂದರೆ ಶೇ. 5 ಆಚೀಚೆ. ನಾಲ್ಕೂ ಒಟ್ಟಿಗೆ ಕೆಟ್ಟ ದಿಕ್ಕಿಗೇ ಹೋದವು ಎಂದುಕೊಳ್ಳಿ. ಆಗಲೂ ಕರೆಂಟ್ ಸುಮಾರು 2.4 ಮಿಲಿಆಂಪ್, ಕಲೆಕ್ಟರ್ 5 ವೋಲ್ಟಿನ ಮೇಲೆಯೇ. ಸರ್ಕ್ಯೂಟ್ ಬದುಕಿತು.

ಪುಕ್ಕಟೆ ಅಲ್ಲ ಇದು: ಎಮಿಟರ್ ರೆಸಿಸ್ಟರ್ ಸಿಗ್ನಲ್‌ನ ಗೇನನ್ನೂ ತಗ್ಗಿಸುತ್ತದೆ. ಅದಕ್ಕೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಗೇನ್ ಮರಳುತ್ತದೆ, ಡಿಸಿ ಸ್ಥಿರತೆ ಹಾಗೇ ಉಳಿಯುತ್ತದೆ.

ಮರುದಿನ ಪರೀಕ್ಷಕರ ಮುಂದೆಯೇ ಟ್ರಾನ್ಸಿಸ್ಟರ್ ಕಿತ್ತು ಬೇರೆಯದು ಹಾಕಿ ತೋರಿಸಿದೆವು. ಧ್ವನಿ ಒಡೆಯಲಿಲ್ಲ. ನಿಮ್ಮ ಸರ್ಕ್ಯೂಟನ್ನೂ ಡೇಟಾಶೀಟ್‌ನ ಕನಿಷ್ಠ, ಗರಿಷ್ಠ ಎರಡೂ ಬೆಲೆಗಳಿಗೆ ಲೆಕ್ಕ ಮಾಡಿ ನೋಡಿ. ಕೈಗೆ ಸಿಕ್ಕ ಒಂದು ಬಿಡಿಭಾಗಕ್ಕೆ ಮಾತ್ರ ಕೆಲಸ ಮಾಡುವುದು ಡಿಸೈನ್ ಅಲ್ಲ, ಅದೃಷ್ಟ.