ಒಡಹುಟ್ಟಿದ ಎರಡು ಕ್ರಿಯಾಪದಗಳು

ಮನಸ್ಸಿನ ಭಾವಗಳನ್ನು ಎಬ್ಬಿಸುವುದನ್ನು ತಿಳಿಸತಕ್ಕ ಕ್ರಿಯಾಪದಗಳು ಆಂಗ್ಲ ಭಾಷೆಯಲ್ಲಿ ಅನೇಕವುಂಟು. ಅವುಗಳಲ್ಲಿ 'ಇವೋಕ್', 'ಪ್ರೊವೋಕ್' ಎಂಬಿವೆರಡೂ ಒಡಹುಟ್ಟಿದವುಗಳಾದರೂ ಸ್ವಭಾವದಲ್ಲಿ ಬೇರೆ ಬೇರೆಯಾಗಿವೆ. ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಟ್ಟರೆ ವ್ಯಾಕರಣವು ಕೆಡದಿದ್ದರೂ ಅರ್ಥವು ಕೆಡುವುದು. ತಾಯಿಯನ್ನು ಕಳೆದುಕೊಂಡ ಗೆಳತಿಗೆ ಆಂಗ್ಲದಲ್ಲಿ ಪತ್ರ ಬರೆಯುವ ಬಾಲಿಕೆಯೊಬ್ಬಳು, 'ನಿನ್ನ ದುಃಖವು ನನ್ನಲ್ಲಿ ಕನಿಕರವನ್ನು ಹುಟ್ಟಿಸಿತು' ಎಂದು ಹೇಳಬೇಕಾದಲ್ಲಿ 'ಪ್ರೊವೋಕ್' ಎಂಬ ಪದವನ್ನು ಬಳಸಿದಳೆನ್ನೋಣ. ತನ್ನ ದುಃಖವು ಗೆಳತಿಯನ್ನು ಕೆಣಕಿತೋ ಎಂದು ಓದಿದವಳು ನೊಂದುಕೊಂಡಾಳು. ಆದುದರಿಂದ ಈ ಪದಗಳ ಭೇದವನ್ನು ಇಲ್ಲಿ ಸ್ವಲ್ಪ ವಿಚಾರಿಸುವೆವು.

ಎರಡಕ್ಕೂ ಮೂಲವು 'ಕರೆಯುವುದು' ಎಂಬ ಅರ್ಥವುಳ್ಳ 'ವೊಕಾರೆ' ಎಂಬ ಲ್ಯಾಟಿನ್ ಪದ. ಧ್ವನಿಯೆಂಬ ಅರ್ಥದ ಲ್ಯಾಟಿನ್ 'ವೋಕ್ಸ್' ಎಂಬುದೂ ಸಂಸ್ಕೃತದ 'ವಾಕ್' ಎಂಬುದೂ ಒಂದೇ ಮೂಲದಿಂದ ಬಂದುವೆಂದು ಭಾಷಾಶಾಸ್ತ್ರಜ್ಞರು ತಿಳಿಸುತ್ತಾರೆ. 'ಇವೋಕ್' ಎಂದರೆ ಒಳಗಿರುವುದನ್ನು ಹೊರಕ್ಕೆ ಕರೆಯುವುದು. 'ಪ್ರೊವೋಕ್' ಎಂದರೆ ಮುಂದಕ್ಕೆ ಬಾ ಎಂದು ಕರೆಯುವುದು, ಅಂದರೆ ಸವಾಲು ಹಾಕುವುದು.

ಇನ್ನು ಪ್ರಯೋಗವನ್ನು ನೋಡುವ. 'ಇವೋಕ್' ಎಂಬುದಕ್ಕೆ ಸಾಧಾರಣವಾಗಿ ಭಾವ, ನೆನಪು, ಪ್ರತ್ಯುತ್ತರ ಮುಂತಾದುವು ಕರ್ಮವಾಗುವುವೇ ಹೊರತು ಅವುಗಳನ್ನು ಅನುಭವಿಸುವ ಮನುಷ್ಯರಲ್ಲ. 'ಹಾಡು ನನಗೆ ಕರುಣೆ ಹುಟ್ಟಿಸಿತು' ಎಂದು ಕನ್ನಡದಲ್ಲಿ ಚತುರ್ಥೀ ವಿಭಕ್ತಿಯಿಂದ ಹೇಳುವೆವು. ಆಂಗ್ಲದಲ್ಲಿಯಾದರೋ 'ದಿ ಸಾಂಗ್ ಇವೋಕ್ಡ್ ಪಿಟಿ ಇನ್ ಮಿ' ಎಂದು, 'ನನ್ನೊಳಗೆ' ಎಂಬ ಅರ್ಥ ಬರುವಂತೆ ಹೇಳಬೇಕು. 'ಪ್ರೊವೋಕ್' ಎಂಬುದಕ್ಕೆ ಕೋಪ, ಜಗಳ, ಚರ್ಚೆ, ನಗೆ ಇವೆಲ್ಲವೂ ಕರ್ಮವಾಗುವುವು. ಮನುಷ್ಯನೂ ಆಗಬಹುದು, ಬೀದಿಯ ನಾಯಿಯೂ ಆಗಬಹುದು. ಆಗ 'ಕೆರಳಿಸು', 'ಕೆಣಕು' ಎಂಬ ಕನ್ನಡ ಪದಗಳು ಅದಕ್ಕೆ ಸರಿಯಾಗಿ ಒಪ್ಪುವುವು.

ಆದರೆ ಪದಗಳ ಗುಣವು ಕಾಲಕಾಲಕ್ಕೆ ಬದಲಾಗತಕ್ಕದ್ದು. 1611ರ ಆಂಗ್ಲ ಸತ್ಯವೇದದಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯವು, ಪ್ರೀತಿಗಾಗಿಯೂ ಸತ್ಕಾರ್ಯಗಳಿಗಾಗಿಯೂ ಒಬ್ಬರನ್ನೊಬ್ಬರು ಹುರಿದುಂಬಿಸಬೇಕೆಂಬಲ್ಲಿ 'ಪ್ರೊವೋಕ್' ಎಂಬ ಪದವನ್ನೇ ಪ್ರಯೋಗಿಸಿದೆ. ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ, ಮಕ್ಕಳಿಗೆ ಕೋಪವೆಬ್ಬಿಸಬಾರದೆಂದು ತಂದೆಗಳಿಗೆ ಹೇಳುವಲ್ಲಿಯೂ ಅದೇ ಪದವಿದೆ. 1946ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಪರಿಷ್ಕೃತ ಹೊಸ ಒಡಂಬಡಿಕೆಯಾದರೋ ಮೊದಲನೆಯ ಸ್ಥಳದಲ್ಲಿ ಬೇರೆ ಪದವನ್ನಿಟ್ಟು, ಎರಡನೆಯದರಲ್ಲಿ 'ಪ್ರೊವೋಕ್' ಎಂಬುದನ್ನೇ ಉಳಿಸಿತು. ಪ್ರೀತಿಗೆ ಸಲ್ಲುತ್ತಿದ್ದ ಪದವು ಕೋಪದ ಕಡೆಗೆ ಎಷ್ಟು ವಾಲಿತೆಂಬುದನ್ನು ಇದರಿಂದ ತಿಳಿಯಬಹುದು.

'ಇವೋಕ್' ಎಂಬುದರ ಹುರುಳು ನಮ್ಮವರಿಗೂ ಹೊಸದಲ್ಲ. ಸ್ಥಾಯಿಭಾವಗಳು ಸಹೃದಯನಲ್ಲಿ ವಾಸನಾರೂಪವಾಗಿ ಮೊದಲೇ ಇರುವುವೆಂದೂ, ಕಾವ್ಯವು ಅವುಗಳನ್ನು ವ್ಯಕ್ತಗೊಳಿಸುವುದೆಂದೂ ಅಭಿನವಗುಪ್ತನು ಪ್ರತಿಪಾದಿಸಿದನು. ಇಲ್ಲದ ಭಾವವನ್ನು ಯಾರೂ ಹೊರಗಿನಿಂದ ತಂದು ತುಂಬಲಾರರು, ಇರುವುದನ್ನು ಕರೆಯಬಲ್ಲರು.

ಮನೆಯಲ್ಲಿ ಮಕ್ಕಳ ಪಾಠವನ್ನು ನೋಡುವ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಈ ಭೇದವನ್ನು ಪುಸ್ತಕದಲ್ಲಿ ಮಾತ್ರವಲ್ಲದೆ ಮಾತಿನಲ್ಲಿಯೂ ಕಾಣಬಹುದು. 'ಇಷ್ಟೂ ತಿಳಿಯದೇ?' ಎಂದು ಗದರಿದರೆ ಹುಡುಗಿಯು ಎದುರುತ್ತರ ಕೊಡುವಳು, ಇಲ್ಲವೆ ಮೌನವಾಗುವಳು. 'ನಿನಗೆ ತಿಳಿದಷ್ಟನ್ನು ಹೇಳಮ್ಮಾ' ಎಂದರೆ ಒಳಗಿದ್ದ ಮಾತು ತಾನಾಗಿ ಹೊರಗೆ ಬರುವುದು. ಮೊದಲನೆಯದು 'ಪ್ರೊವೋಕ್', ಎರಡನೆಯದು 'ಇವೋಕ್'.